ಟೋಕಿಯೊದಲ್ಲಿ ದೊರೆತ ಒಳಕಲ್ಲು

ಪರದೇಶಕ್ಕೆ ಹೊರಟು ನಿಂತವರಿಗೆ ಹಿರಿಯರು ಹೇಳುವ ಬುದ್ಧಿಮಾತುಗಳಲ್ಲಿ ಚಳಿಯ ಮಾತಿರುತ್ತದೆ, ಭಾಷೆಯ ಮಾತಿರುತ್ತದೆ. ವಿದ್ಯುತ್ತಿನ ಮಾತು ಮಾತ್ರ ಇರುವುದಿಲ್ಲ. 2016ರಲ್ಲಿ ಉದ್ಯೋಗ ನಿಮಿತ್ತವಾಗಿ ಧಾರವಾಡದಿಂದ ಟೋಕಿಯೊ ನಗರಕ್ಕೆ ತೆರಳಿ, ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿ ಬಡಾವಣೆಯಲ್ಲಿ ಮನೆ ಹಿಡಿದಾಗ ನಾವು ಕಲಿತ ಮೊದಲ ಪಾಠವೇ ಅದು. ನಮ್ಮಲ್ಲಿ 230 ವೋಲ್ಟ್. ಜಪಾನಿನಲ್ಲಿ 100 ವೋಲ್ಟ್. ಸೀರೆಗಳ ನಡುವೆ ಜೋಪಾನವಾಗಿ ಸುತ್ತಿ ತಂದಿದ್ದ ಮಿಕ್ಸರ್ ಗುಂಯ್‌ಗುಟ್ಟಿತೇ ಹೊರತು ಶೇಂಗಾ ನುರಿಯಲಿಲ್ಲ.

ಇದು ನಗೆಯ ಸಂಗತಿಯೆಂದು ಓದುಗರಿಗೆ ತೋರಬಹುದು. ಆದರೆ ಜಪಾನಿನಲ್ಲಿ ಹೊರಗೆ ಸಿಗುವ ಸಾರು, ಪಲ್ಯಗಳಿಗೆ ಸಾಮಾನ್ಯವಾಗಿ ಒಣಮೀನಿನ ತಿಳಿರಸವೇ ಆಧಾರ. ಬರಿಯ ಕಾಯಿಪಲ್ಯದಂತೆ ಕಂಡ ಬಟ್ಟಲಲ್ಲಿಯೂ ಅದು ಇರುತ್ತದೆ. ಶಾಕಾಹಾರಿಗಳಾದ ನಮಗೆ ಮನೆಯ ಅಡುಗೆಯೇ ಗತಿ. ಊರಿನಿಂದ ತಂದ ಜೋಳದ ಹಿಟ್ಟಿನಲ್ಲಿ ಶ್ರೀಮತಿಯವರು ರೊಟ್ಟಿ ಬಡಿದರೂ ಜೊತೆಗೆ ಹಚ್ಚಿಕೊಳ್ಳಲು ಚಟ್ನಿಪುಡಿಯಿಲ್ಲ. ಎಂಟು ವರ್ಷದ ಮಗಳು ರೊಟ್ಟಿಯನ್ನು ಮುರಿದು ತಟ್ಟೆಯಲ್ಲಿಯೇ ಬಿಟ್ಟೇಳುತ್ತಿದ್ದಳು.

ಕಚೇರಿಯ ಸಹೋದ್ಯೋಗಿಯೊಬ್ಬರು ನಮ್ಮ ಗೋಳನ್ನು ಕೇಳಿ, "ಕಪ್ಪಾಬಾಶಿಗೆ ಹೋಗಿರಿ" ಎಂದರು. ಒಂದು ಭಾನುವಾರ ರೈಲಿನಲ್ಲಿ ನಿಹೊನ್‌ಬಾಶಿಗೆ ಹೋಗಿ, ಅಲ್ಲಿ ಗಿನ್ಜಾ ಮಾರ್ಗದ ಬಂಡಿ ಹತ್ತಿ ತವರಮಾಚಿ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದೆವು. ಕಟ್ಟಡವೊಂದರ ನೆತ್ತಿಯ ಮೇಲೆ ಬಿಳಿಯ ಟೊಪ್ಪಿಗೆಯ ಅಡುಗೆಭಟ್ಟನ ಬೃಹತ್ ತಲೆ ಕಂಡಿತು. ಅದೇ ಕಪ್ಪಾಬಾಶಿ ಬೀದಿಯ ಗುರುತು. ಉಯೆನೊ ಮತ್ತು ಅಸಾಕುಸಾಗಳ ನಡುವೆ ಸುಮಾರು 800 ಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಈ ಬೀದಿಯಲ್ಲಿ ಸುಮಾರು 170 ಅಂಗಡಿಗಳು. ಬಹುಪಾಲು ಅಡುಗೆಮನೆಯ ಸಾಮಾನಿನವೇ. 1912ರ ಸುಮಾರಿಗೆ ಹಳೆಯ ಸಾಮಾನುಗಳ ವ್ಯಾಪಾರಿಗಳು ಇಲ್ಲಿ ಅಂಗಡಿ ಹೂಡಿದ್ದೇ ಇದರ ಆರಂಭವೆಂದು ಹೇಳುತ್ತಾರೆ.

ಅಂದು ನಾವು ಮಾಡಿದ ತಪ್ಪು ಊಹೆಗಳಿಗೆ ಲೆಕ್ಕವಿಲ್ಲ. ಚೌಕಾಕಾರದ ಪುಟ್ಟ ಬಾಣಲೆಯನ್ನು ನೋಡಿ ದೋಸೆಗೆ ಒಳ್ಳೆಯದೆಂದು ಕೈಗೆತ್ತಿಕೊಂಡೆವು; ಅದು ಮೊಟ್ಟೆಯ ಸುರುಳಿ ಮಾಡುವ ಪಾತ್ರೆಯೆಂದು ತಿಳಿದು ಮೆಲ್ಲನೆ ಕೆಳಗಿಟ್ಟೆವು. ಮರದ ಮುಚ್ಚಳಗಳ ರಾಶಿಯಲ್ಲಿ ಪಾತ್ರೆಯ ಬಾಯಿಗೆ ಸರಿಹೊಂದುವಂಥದು ಒಂದೂ ಇರಲಿಲ್ಲ. ಎಲ್ಲವೂ ಒಳಗೆ ಬೀಳುವಷ್ಟು ಚಿಕ್ಕವು. ಕಂದು ಬಣ್ಣದ ಮಣ್ಣಿನ ಬೋಗುಣಿಯೊಂದರ ಒಳಮೈ ತುಂಬ ಬಾಚಣಿಗೆಯಿಂದ ಗೀರಿದಂತಹ ಸಾಲುಗೆರೆಗಳಿದ್ದವು. ಅಲಂಕಾರವೆಂದು ತಿಳಿದು, ಮೊಸರಿಗಾದೀತೆಂದು ಆರು ಅಂಗುಲದಷ್ಟು ಅಗಲದ ಒಂದನ್ನು ಕೊಂಡುತಂದೆವು. ಅಂಗಡಿಯವರು ಜೊತೆಗೆ ಗಂಟುಗಂಟಾದ ಕೋಲೊಂದನ್ನು ತೋರಿಸಿದಾಗ, ಬೇಡವೆಂದು ಕೈಯಾಡಿಸಿದ್ದೂ ಉಂಟು!

ನಮ್ಮ ಅಜ್ಞಾನವನ್ನು ಹೋಗಲಾಡಿಸಿದವರು ನೆರೆಮನೆಯ ವೃದ್ಧೆ. ಮೊಸರು ತುಂಬಿದ ಆ ಬೋಗುಣಿಯನ್ನು ಕಂಡು ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮನೆಗೆ ಹೋಗಿ ತಮ್ಮ ಕೋಲನ್ನೇ ತಂದರು. ಬೋಗುಣಿಯ ಹೆಸರು ಸುರಿಬಾಚಿ, ಕೋಲಿನ ಹೆಸರು ಸುರಿಕೋಗಿ. ಒಳಗೆ ಹೊಳಪಿನ ಲೇಪವಿಲ್ಲದಿರುವುದೂ ಗೆರೆಗಳು ಚೂಪಾಗಿರುವುದೂ ಅರೆಯುವುದಕ್ಕಾಗಿ. ಕೆಳಗೆ ಒದ್ದೆಯ ಬಟ್ಟೆ ಹಾಸಿ ಬೋಗುಣಿಯನ್ನು ಇಟ್ಟರು. ಹುರಿದ ಎಳ್ಳನ್ನು ಹಾಕಿ, ಒಂದು ಕೈ ಕೋಲಿನ ತುದಿಯಲ್ಲಿ, ಒಂದು ಕೈ ನಡುವಿನಲ್ಲಿರಿಸಿ ತಿರುವತೊಡಗಿದರು. ಕುಟ್ಟಬಾರದು, ತಿರುವಬೇಕು. ಎರಡು ನಿಮಿಷದಲ್ಲಿ ಮನೆಯೆಲ್ಲ ಎಳ್ಳಿನ ಪರಿಮಳ ತುಂಬಿತು. ಅಂದಿನ ರಾತ್ರಿ ಅದೇ ಬೋಗುಣಿಯಲ್ಲಿ ಶೇಂಗಾ, ಖಾರ, ಬೆಳ್ಳುಳ್ಳಿ ಅರೆದದ್ದಾಯಿತು. ಮಗಳು ಎರಡು ರೊಟ್ಟಿ ತಿಂದಳು.

ಆ ಕೋಲು ಸಾನ್ಶೋ ಮರದ್ದು. ನಮ್ಮ ಕರಾವಳಿಯ ಜುಮ್ಮನಕಾಯಿಯ ಮರದ ಜಾತಿಗೇ ಸೇರಿದ್ದು. ಅದು ವೃದ್ಧೆಯ ತಾಯಿ ಬಳಸಿದ್ದು. ತುದಿ ಬಹಳ ಸವೆದಿತ್ತು. ಶಾಲೆಯಲ್ಲಿ ಅಷ್ಟಿಷ್ಟು ಜಪಾನಿ ಕಲಿತಿದ್ದ ಮಗಳು ಅದನ್ನು ಕುರಿತು ಕೇಳಿದಾಗ ಅವರು, "ಸವೆದ ಭಾಗವೆಲ್ಲ ನಮ್ಮ ಮನೆಯವರ ಹೊಟ್ಟೆಯಲ್ಲಿದೆ" ಎಂದರಂತೆ. ಮಗಳು ಆ ಮಾತನ್ನು ನಗುತ್ತಲೇ ಹೇಳಿದಳು. ನಮಗೆ ನಗು ಬರಲಿಲ್ಲ. 2009ರಲ್ಲಿ ಧಾರವಾಡದ ಅಡುಗೆಮನೆಗೆ ಹೊಸ ಕಲ್ಲು ಹಾಸಿಸಿದಾಗ ಅವ್ವನ ಒಳಕಲ್ಲನ್ನು ಹಿತ್ತಲಿಗೆ ಉರುಳಿಸಿದವರು ನಾವೇ. "ಇರಲಿ ಬಿಡ್ರಿ, ಜಾಗಾ ಆಗ್ತದ" ಎಂದಷ್ಟೇ ಅವ್ವ ಅಂದಿದ್ದಳು.

ಮುಂದೆ ಆ ಚಿಕ್ಕ ಮುಚ್ಚಳದ ಗುಟ್ಟೂ ತಿಳಿಯಿತು. ಅದರ ಹೆಸರು ಒತೋಶಿಬುತಾ. ಅದನ್ನು ಮೊದಲು ನೀರಿನಲ್ಲಿ ತೊಯಿಸಿ, ಬೇಯುವ ಪದಾರ್ಥದ ಮೇಲೆಯೇ ಇಡಬೇಕು. ಆಗ ಕುದಿಯ ರಭಸಕ್ಕೆ ಕಾಯಿಗಳು ಹೊರಳಾಡಿ ಒಡೆಯುವುದಿಲ್ಲ. ರಸ ಕಡಿಮೆಯಿದ್ದರೂ ಮುಚ್ಚಳಕ್ಕೆ ತಾಗಿ ಎಲ್ಲ ಕಡೆಗೂ ಹರಿಯುತ್ತದೆ. ಎಣಗಾಯಿಯ ಬದನೆಕಾಯಿ ಹೂರಣ ಬಿಡದೆ ಬೇಯುವುದಕ್ಕೆ ಇದಕ್ಕಿಂತ ಮಿಗಿಲಾದ ಉಪಾಯವನ್ನು ನಾವು ಕಂಡಿಲ್ಲ.

ಸಾಮಾನಿನ ವಿಷಯದಲ್ಲಿ ಆ ಜನರ ಆದರ ಕೇವಲ ಮನೆಯೊಳಗಿನದಲ್ಲ. ಅಲ್ಲಿಯ ಬೌದ್ಧ ಮಠಗಳ ಅಡುಗೆಯಲ್ಲಿ ಮಾಂಸ, ಮೀನು ಸಲ್ಲವು. ಎಳ್ಳನ್ನು ಸುರಿಬಾಚಿಯಲ್ಲಿ ಅರೆದು ಮಾಡುವ ಭಕ್ಷ್ಯಗಳಿಗೆ ಅಲ್ಲಿ ವಿಶೇಷ ಸ್ಥಾನ. ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವರಿಗಾಗಿಯೇ ಒಂದು ಗ್ರಂಥವನ್ನು ಬರೆದು, ಪಾತ್ರೆಗಳನ್ನು ಶುಚಿಯಾಗಿ ತೊಳೆದು ಅವುಗಳ ಸ್ಥಾನದಲ್ಲಿ ಇಡುವುದನ್ನೂ ಸಾಧನೆಯ ಭಾಗವೆಂದು ವಿಧಿಸಿದನು. ಉಯೆನೊದ ಶಿನೊಬಾಜು ಕೊಳದ ಗುಡಿಯ ಬಳಿ ಅಡುಗೆಯ ಚಾಕುಗಳಿಗೊಂದು ಸ್ಮಾರಕಶಿಲೆಯಿದೆ. ಫೆಬ್ರವರಿ 8ರಂದು ಅಸಾಕುಸಾದ ಸೆನ್ಸೋಜಿ ದೇವಾಲಯದ ಆವರಣದಲ್ಲಿ ಮುರಿದ ಹೊಲಿಗೆಸೂಜಿಗಳನ್ನು ಮೆತ್ತನೆಯ ತೋಫುವಿನಲ್ಲಿ ಚುಚ್ಚಿ, ಇಷ್ಟು ದಿನ ಗಟ್ಟಿ ಬಟ್ಟೆಯಲ್ಲಿ ದುಡಿದ ಅವಕ್ಕೆ ವಿಶ್ರಾಂತಿ ಕೊಡುತ್ತಾರೆ. ಅದನ್ನು ನೋಡಿದಾಗ ನಮಗೆ ಖಂಡೇನವಮಿಯ ನೆನಪಾಯಿತು. ನಾವು ದುಡಿಯುವ ಸಾಮಾನನ್ನು ಪೂಜಿಸುತ್ತೇವೆ. ದುಡಿದು ದಣಿದದ್ದನ್ನು ಏನು ಮಾಡುತ್ತೇವೆ?

2019ರಲ್ಲಿ ಊರಿಗೆ ಮರಳಿದಾಗ ಸುರಿಬಾಚಿಯನ್ನು ಅವ್ವನ ಮುಂದಿಟ್ಟೆವು. ಅವಳಿಗೆ ನಾವು ಏನನ್ನೂ ವಿವರಿಸಬೇಕಾಗಲಿಲ್ಲ. ಬೆರಳಿನಿಂದ ಗೆರೆಗಳನ್ನು ಸವರಿ, ಸೊಸೆಯನ್ನು ನೋಡಿ, "ಏನವ್ವಾ, ಇದು ಅರಿಯೂದಲ್ಲೇನು? ಸವೆದ ಮ್ಯಾಲೆ ಇದಕ್ಕೂ ಕಚ್ಚು ಹಾಕಸಬೇಕೇನು?" ಎಂದಳು. ಒಳಕಲ್ಲಿನ ಮೈ ನುಣುಪಾದಾಗ ಉಳಿಯಿಂದ ಕಚ್ಚು ಹಾಕಿಸುತ್ತಿದ್ದ ಕಾಲ ಅವಳದು. ನಾವು ಊಹಿಸಲಾರದೆ ಮೊಸರು ತುಂಬಿದ್ದ ಪಾತ್ರೆಯ ಮರ್ಮ ಅವಳ ಬೆರಳಿಗೆ ಕ್ಷಣದಲ್ಲಿ ತಿಳಿದಿತ್ತು.

ಅಂದು ಸಂಜೆಯೇ ಹಿತ್ತಲಿನ ನಳದ ಕೆಳಗೆ ಕಾಲು ತೊಳೆಯುವ ಕಲ್ಲಾಗಿದ್ದ ಒಳಕಲ್ಲನ್ನು ಇಬ್ಬರು ಹಿಡಿದು ಒಳಗೆ ತಂದೆವು. ಗುಂಡುಕಲ್ಲು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವ್ವ ಕಲ್ಲನ್ನು ತೊಳೆದು ವಿಭೂತಿ ಹಚ್ಚಿದಳು. ಗುಂಡಿನ ಮಾತನ್ನು ಎತ್ತಲಿಲ್ಲ. ಬೇರೊಂದನ್ನು ಮಾಡಿಸಿದೆವು, ಆದರೆ ಅವಳು ಐವತ್ತು ವರ್ಷ ಕೈಯಾಡಿಸಿದ ಗುಂಡು ಅದಲ್ಲ.

ಓದುಗರ ಮನೆಗಳಲ್ಲಿಯೂ ಹಿತ್ತಲಲ್ಲೋ ಅಟ್ಟದ ಮೇಲೋ ಇಂತಹ ಸಾಮಾನುಗಳು ಇದ್ದೇ ಇರುತ್ತವೆ. ಎಲ್ಲವನ್ನೂ ಮರಳಿ ಬಳಕೆಗೆ ತನ್ನಿರೆಂದು ನಾವು ಹೇಳೆವು. ನಮ್ಮ ಮನೆಯಲ್ಲಿಯೂ ಮಿಕ್ಸರ್ ಇದೆ. ಆದರೆ ಯಾವುದನ್ನೂ ಹೊರಹಾಕುವ ಮೊದಲು, ಅದನ್ನು ಬಳಸಿದ ಕೈಗಳನ್ನು ಒಮ್ಮೆ ಕೇಳಬೇಕು. ನಾವು ಕೇಳಿರಲಿಲ್ಲ.