ಮಂಜಿನ ರುಚಿ

ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ನಗರದ ದಕ್ಷಿಣಕ್ಕೆ, ಕಡಲಿಗೆ ಸಮೀಪದಲ್ಲಿರುವ ಮಗಳ ಮನೆಗೆ ನಾವು ಹೋಗಿದ್ದಾಗ, ಒಂದು ಮುಂಜಾನೆ ದಟ್ಟವಾದ ಮಂಜು ಕವಿದಿದ್ದಿತು. ಆರು ವರುಷದ ಮೊಮ್ಮಗಳು ಅಂಗಳದಲ್ಲಿ ನಿಂತು, ನಾಲಗೆಯನ್ನು ಚಾಚಿ, “ಅಜ್ಜಾ, ಮಂಜಿಗೆ ರುಚಿಯೇ ಇಲ್ಲ!” ಎಂದಳು. ಮಲೆನಾಡಿನಲ್ಲಿ ಹುಟ್ಟಿ ಬೆಳೆದ ನಾವೂ ಬಾಲ್ಯದಲ್ಲಿ ಈ ಆಟವನ್ನು ಆಡಿದವರೇ. ಆದರೂ ನಮ್ಮ ಕೈ ತಾನಾಗಿ ಮಗುವನ್ನು ಒಳಕ್ಕೆ ಸೆಳೆಯಿತು.

ಇದಕ್ಕೆ ಕಾರಣ ಹಿಂದಿನ ರಾತ್ರಿ ನಾವು ಓದಿದ್ದ ಸಂಗತಿ. 1982ರಲ್ಲಿ ಆ ತೀರದ ಕೊರೋನಾ ಡೆಲ್ ಮಾರ್ ಎಂಬಲ್ಲಿ ವಿಜ್ಞಾನಿ ಮೈಕೇಲ್ ಹಾಫ್‌ಮನ್ನರ ತಂಡದವರು ಮಂಜಿನ ಹನಿಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಆಮ್ಲತೆಯನ್ನು ಅಳೆಯುವ ಪಿ.ಎಚ್. ಮಾನದಲ್ಲಿ ಶುದ್ಧಜಲದ ಸಂಖ್ಯೆ 7. ಸಂಖ್ಯೆ ಒಂದೊಂದು ಇಳಿದಂತೆ ಆಮ್ಲತೆ ಹತ್ತು ಹತ್ತು ಪಟ್ಟು ಏರುವುದು. ಆ ಮಂಜಿನ ಸಂಖ್ಯೆ ಸುಮಾರು 1.7! ನಿಂಬೆಯ ರಸವೂ ಅಷ್ಟು ಹುಳಿಯಲ್ಲ.

ಮಂಜಿನ ಹನಿ ಬರಿಯ ನೀರಲ್ಲ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣವೊಂದರ ಸುತ್ತ ಅದು ಕಟ್ಟಿಕೊಳ್ಳುವುದು. ಕಡಲ ಮೇಲೆ ಆ ಕಣವು ಉಪ್ಪಿನದಾಗಿರಬಹುದು, ಅದರಿಂದ ಹಾನಿಯಿಲ್ಲ. ಆದರೆ ಮೋಟಾರು, ಹಡಗು, ಕಾರ್ಖಾನೆಗಳ ಹೊಗೆಯು ಸೇರಿತೆಂದರೆ ಹನಿಯಲ್ಲಿ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳು ಕೂಡಿಕೊಳ್ಳುವುವು. ಮಳೆಯ ಹನಿ ದೊಡ್ಡದು, ಅದರಲ್ಲಿ ವಿಷವು ತೆಳುವಾಗುವುದು. ಮಂಜಿನ ಹನಿ ಅತಿ ಚಿಕ್ಕದು, ನೆಲದ ಹೊಗೆಯ ನಡುವೆಯೇ ನಿಲ್ಲುವುದು. ಬಿಸಿಲೇರಿ ನೀರು ಆರಿದಂತೆಲ್ಲ ಉಳಿದ ಆಮ್ಲವು ಮತ್ತಷ್ಟು ತೀಕ್ಷ್ಣವಾಗುವುದು.

ನಮ್ಮ ಗಾಬರಿಯನ್ನು ಕಂಡು ಅಳಿಯಂದಿರು ನಕ್ಕರು. “ಅದು ಹಳೆಯ ಮಾತು, ಮಾವ. ಆಮೇಲೆ ಮೋಟಾರುಗಳ ಹೊಗೆಗೆ ಕಟ್ಟುನಿಟ್ಟಾದ ಕಾಯಿದೆಗಳು ಬಂದುವು. 2009ರಿಂದ ಈ ತೀರದ ಬಳಿ ಹಡಗುಗಳೂ ಗಂಧಕ ಕಡಮೆಯಿರುವ ಎಣ್ಣೆಯನ್ನೇ ಉರಿಸಬೇಕು. ಗಾಳಿ ಎಷ್ಟೋ ಮೇಲಾಗಿದೆ” ಎಂದರು.

ಮಗು ಮಾತ್ರ ಬಿಡಲಿಲ್ಲ. “ಅಜ್ಜಾ, ನಿಮ್ಮೂರಿನ ಮಂಜು ಒಳ್ಳೆಯದೇ?” ಎಂದು ಕೇಳಿದಳು.

ನಾವು ಥಟ್ಟನೆ ಉತ್ತರಿಸಲಾರದೆ ಹೋದೆವು. ಚಳಿಗಾಲದ ಬೆಳಗಿನಲ್ಲಿ, ಮಂಜು ಕವಿದಿರುವಾಗಲೇ, ತರಗೆಲೆಯೊಡನೆ ಪ್ಲಾಸ್ಟಿಕ್ಕಿನ ಕಸವನ್ನೂ ಅಂಗಳದಲ್ಲಿ ಸುಟ್ಟು ಮೈ ಕಾಯಿಸಿಕೊಳ್ಳುವುದು ನಮ್ಮ ಮನೆಯ ವಾಡಿಕೆಯಾಗಿದ್ದಿತು. ಹಡಗಿನವರಿಗೆ ಕಾಯಿದೆಯುಂಟು; ನಮ್ಮ ಅಂಗಳಕ್ಕೆ ಬಂದು ಹೇಳುವವರಾರು?

ಊರಿಗೆ ಮರಳಿದೊಡನೆ ಹಿತ್ತಿಲಲ್ಲಿ ಗೊಬ್ಬರದ ಗುಂಡಿಯನ್ನು ತೋಡಿಸಿದೆವು. ತರಗೆಲೆ ಅದಕ್ಕೆ ಬೀಳುತ್ತಿದೆ, ಪ್ಲಾಸ್ಟಿಕ್ಕು ಬೇರೆಯಾಗಿ ಕಸದ ಗಾಡಿಗೆ ಹೋಗುತ್ತಿದೆ. ಬರುವ ಚಳಿಗಾಲಕ್ಕೆ ಮೊಮ್ಮಗಳು ಬರುವಳು. ಅವಳು ನಮ್ಮ ಅಂಗಳದಲ್ಲಿ ನಾಲಗೆ ಚಾಚಿದಾಗ ಕೈಹಿಡಿದು ಸೆಳೆಯುವ ಕಾರಣವನ್ನಾದರೂ ನಾವೇ ಒದಗಿಸಬಾರದಷ್ಟೆ.