ಉದರದೊಳಗಿನ ಪೊರೆ

ಹೃದಯವನ್ನು ಕೊಂಡಾಡಿದ ಕವಿಗಳುಂಟು. ಕಣ್ಣನ್ನು ಕಮಲಕ್ಕೆ ಹೋಲಿಸಿದವರಿಗೆ ಲೆಕ್ಕವೇ ಇಲ್ಲ. ಆದರೆ ಹೊಟ್ಟೆಯ ಒಳಗೋಡೆಗೆ ಹಾಸಾಗಿಯೂ ಜಠರ ಕರುಳುಗಳಿಗೆ ಹೊದಿಕೆಯಾಗಿಯೂ ಇರುವ ತೆಳುಪೊರೆಯನ್ನು ನೆನೆಯುವವರಾರು? ಪೆರಿಟೋನಿಯಮ್ ಎಂದು ವೈದ್ಯರು ಕರೆಯುವ ಇದನ್ನು ನಾವು ಉದರಪೊರೆಯೆನ್ನಬಹುದು. ನಮ್ಮಕ್ಕನ ಮೂತ್ರಪಿಂಡಗಳೆರಡೂ ಸೋಲುವ ತನಕ ಇದರ ಹೆಸರು ನಮ್ಮ ಮನೆಯಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ.

ಈ ಪೊರೆಗೆ ಎರಡು ಪದರಗಳು. ಅವುಗಳ ನಡುವೆ ಒಂದಿಷ್ಟು ದ್ರವವಿರುವುದರಿಂದ ಕರುಳುಗಳು ಒಂದನ್ನೊಂದು ಉಜ್ಜದೆ ನುಣ್ಣಗೆ ಜಾರುವುವು. ಮಡಿಕೆಗಳನ್ನೆಲ್ಲ ಬಿಡಿಸಿ ಹರಡಿದರೆ ಇದರ ವಿಸ್ತಾರವು ಮೈಚರ್ಮದ ವಿಸ್ತಾರಕ್ಕೆ ಹೆಚ್ಚುಕಡಮೆ ಸಮನಾದೀತು. ಇದರ ತುಂಬ ಕೂದಲಿಗಿಂತ ನವಿರಾದ ರಕ್ತನಾಳಗಳು. 1923ರಲ್ಲಿ ಜರ್ಮನಿಯ ಗಾಂಟರ್ ಎಂಬ ವೈದ್ಯನು ಇದನ್ನೇ ಜರಡಿಯಾಗಿಸಿ ರಕ್ತವನ್ನು ಶೋಧಿಸಲು ಯತ್ನಿಸಿದನು. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬವರು, ರೋಗಿಯು ಓಡಾಡಿಕೊಂಡಿರುವಾಗಲೇ ಶೋಧನೆ ನಡೆಯುವ ಕ್ರಮವನ್ನು ಮುಂದಿಟ್ಟರು.

ಅಕ್ಕನ ಹೊಕ್ಕುಳಿನ ಬಳಿ ಮೆದುವಾದ ನಳಿಗೆಯೊಂದನ್ನು ಇರಿಸಿದ್ದಾರೆ. ಅದರ ಮೂಲಕ ಸುಮಾರು 2 ಲೀಟರು ದ್ರಾವಣವನ್ನು ಒಳಗೆ ಬಿಟ್ಟು, ನಾಲ್ಕಾರು ಗಂಟೆಗಳ ಮೇಲೆ ಹೊರತೆಗೆಯಬೇಕು. ಅಷ್ಟರಲ್ಲಿ ರಕ್ತದ ಕಶ್ಮಲವು ಪೊರೆಯನ್ನು ದಾಟಿ ದ್ರಾವಣಕ್ಕಿಳಿಯುವುದು. ದ್ರಾವಣದಲ್ಲಿರುವ ಸಕ್ಕರೆಯು ಮೈಯಲ್ಲಿ ಮಿಕ್ಕ ನೀರನ್ನು ಸೆಳೆದುಕೊಳ್ಳುವುದು. ದಿನಕ್ಕೆ 4 ಬಾರಿ ಈ ಕಾರ್ಯ ನಡೆಯುತ್ತದೆ.

ಕಿಟಕಿಬಾಗಿಲುಗಳನ್ನು ಮುಚ್ಚಿ, ಬೀಸಣಿಗೆಯನ್ನು ನಿಲ್ಲಿಸಿ, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿ, ಕೈಗಳನ್ನು ಸಾಬೂನಿನಿಂದ ತಿಕ್ಕಿ ತೊಳೆದೇ ನಳಿಗೆಯನ್ನು ಮುಟ್ಟಬೇಕು. ಸೋಂಕು ಒಳಹೊಕ್ಕರೆ ಪೊರೆಯು ಉರಿಗೊಂಡು ಪ್ರಾಣಕ್ಕೇ ಸಂಚಕಾರ ಬರುವುದು. ಮಡಿಯಲ್ಲಿಯೇ ಬಾಳಿದ ನಮ್ಮ ತಾಯಿಯವರಿಗೆ ಈ ನಿಯಮಗಳನ್ನು ಎರಡು ಸಲ ಹೇಳಬೇಕಾಗಲಿಲ್ಲ. ಹೊರಬಂದ ದ್ರವದ ಚೀಲವನ್ನು ಅವರು ಪಂಚಾಂಗದ ಪುಟದ ಮೇಲಿಟ್ಟು ನೋಡುವರು. ಕೆಳಗಿನ ಅಕ್ಷರಗಳು ಕಂಡರೆ ದ್ರವವು ತಿಳಿಯಾಗಿದೆಯೆಂದು ಅರ್ಥ. ಕಳೆದ ಶ್ರಾವಣದಲ್ಲಿ ಒಂದು ಬೆಳಗ್ಗೆ ಅಕ್ಷರಗಳು ಕಾಣಲಿಲ್ಲ. ಅಕ್ಕನಿಗೆ ಇನ್ನೂ ಜ್ವರವಿರಲಿಲ್ಲ, ಹೊಟ್ಟೆನೋವೂ ಅಲ್ಪ. ಆದರೂ ತಾಯಿಯವರು, “ಕಷಾಯ ಗಿಷಾಯ ಬೇಡ, ಈಗಲೇ ಹೊರಡಿ” ಎಂದರು. ಚೀಲದೊಡನೆಯೇ ಆಸ್ಪತ್ರೆಗೆ ಹೋದೆವು. ಔಷಧವನ್ನು ದ್ರಾವಣದಲ್ಲಿಯೇ ಬೆರೆಸಿ ಕೊಟ್ಟರು. ಐದನೆಯ ದಿನ ಪಂಚಾಂಗದ ತಿಥಿವಾರಗಳು ಮತ್ತೆ ಸ್ಪಷ್ಟವಾಗಿ ಕಂಡವು.

ವರ್ಷಗಳು ಕಳೆದಂತೆ ಈ ಪೊರೆಯೂ ದಣಿಯಬಹುದೆಂದು ವೈದ್ಯರು ಮೊದಲೇ ತಿಳಿಸಿದ್ದಾರೆ. ಅದಕ್ಕೆ ಮುನ್ನ ಅಕ್ಕನಿಗೆ ಬೇರೊಂದು ಮೂತ್ರಪಿಂಡವು ದೊರೆಯಲೆಂದು ಹಾರೈಸುತ್ತಿದ್ದೇವೆ. ಅಲ್ಲಿಯವರೆಗೆ ಅದರ ಕಾವಲು ಆಸ್ಪತ್ರೆಯಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಮನೆಯ ನೀರು, ಸಾಬೂನು, ಎಚ್ಚರಗಳಲ್ಲಿಯೇ ಇದೆ.