ನಿತ್ಯೋತ್ಸವದ ನೆರಳು

ಮದುವೆಯಾದ ಮೇಲೆ ಹೆಣ್ಣಿನ ಹೆಸರಿಗೆ ಗಂಡನ ಹೆಸರು ಅಂಟಿಕೊಳ್ಳುವಂತೆ, ಕೆಲವು ಕಲಾವಿದರಿಗೆ ಅವರದೇ ಒಂದು ಕೃತಿ ಅಂಟಿಕೊಂಡುಬಿಡುತ್ತದೆ. ಆಮೇಲೆ ಅವರು ಏನೇ ಮಾಡಲಿ, ಜನ ಗುರುತಿಸುವುದು ಅದರಿಂದಲೇ.

'ನಿತ್ಯೋತ್ಸವ' ಅಂಥದ್ದು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ, 1978ರಲ್ಲಿ ಹೊರಬಂದ ಧ್ವನಿಸುರುಳಿ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದೇ ಅದಕ್ಕೆ ಹೆಸರು. ಅದಕ್ಕೆ ಮೊದಲು ಭಾವಗೀತೆ ಕೇಳಬೇಕಾದರೆ ರೇಡಿಯೋದವರು ಹಾಕಿದಾಗ ಕೇಳಬೇಕು. ಒಲೆಯ ಮೇಲಿನ ಹಾಲು ಉಕ್ಕಿತೆಂದು ಎದ್ದು ಹೋದರೆ ಹಾಡು ಮುಗಿದೇ ಹೋಯಿತು. ಕ್ಯಾಸೆಟ್ ಹಾಗಲ್ಲ. ಒಗ್ಗರಣೆ ಹಾಕಿ ಬಂದು ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಬಹುದಿತ್ತು. ಜೊತೆಗೆ ಆ ರಾಗಗಳು ಸಂಗೀತ ಕಲಿಯದ ಗಂಟಲಿಗೂ ಒಗ್ಗುವಂಥವು. ನವೆಂಬರ್ ಬಂತೆಂದರೆ ನಮ್ಮ ಶಾಲೆಗಳ ಮಕ್ಕಳು ಇಂದಿಗೂ ಹಾಡುವುದು ಆ ರಾಗದಲ್ಲೇ. ಅದರ ಕೀರ್ತಿ ಯಾರ ದಯೆಯಿಂದಲೂ ಬಂದದ್ದಲ್ಲ.

ಆದರೆ ದೊಡ್ಡ ಮರದ ನೆರಳಲ್ಲಿ ಉಳಿದ ಗಿಡಗಳು ಕಾಣಬೇಕಲ್ಲ! ನಿಸಾರ್ ಅಹಮದರು ಭೂವಿಜ್ಞಾನದ ಮೇಷ್ಟ್ರು. 1960ರಷ್ಟು ಹಿಂದೆಯೇ 'ಮನಸು ಗಾಂಧಿಬಜಾರು' ಸಂಕಲನ ತಂದವರು; 'ಕುರಿಗಳು ಸಾರ್ ಕುರಿಗಳು' ಎಂದು ನಮ್ಮೆಲ್ಲರ ಕಿವಿ ಹಿಂಡಿದವರು. ಆದರೂ 2020ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಅಂದದ್ದು 'ನಿತ್ಯೋತ್ಸವದ ಕವಿ ಇನ್ನಿಲ್ಲ' ಎಂದೇ.

ಅನಂತಸ್ವಾಮಿಯವರದು ಇನ್ನೂ ವಿಚಿತ್ರ. ರಾಜರತ್ನಂ ಅವರ ರತ್ನನ ಪದಗಳನ್ನು ಜನರ ನಾಲಗೆಗೆ ತಂದವರು ಅವರು. ಕುವೆಂಪು ಅವರ ನಾಡಗೀತೆಗೂ ರಾಗ ಹಾಕಿದರು. ಅವರು 1995ರಲ್ಲಿ ತೀರಿಕೊಂಡರು. 2022ರಲ್ಲಿ ಸರ್ಕಾರ ಆ ರಾಗವನ್ನೇ ಅಧಿಕೃತವೆಂದು ಒಪ್ಪಿತು, ಎರಡೂವರೆ ನಿಮಿಷದ ಹಾಡಾಗಿ. ನಾಡಿನ ಶಾಲೆಗಳ ಅಂಗಳದಲ್ಲಿ ಎಷ್ಟು ಮಕ್ಕಳು ಅದನ್ನು ಹಾಡುತ್ತಾರೆ! ರಾಗ ಯಾರದೆಂದು ನಮ್ಮ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. 'ನಿತ್ಯೋತ್ಸವಕ್ಕೆ ರಾಗ ಹಾಕಿದವರು' ಎಂದು ಸುಳಿವು ಕೊಟ್ಟ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೆಸರು ಹೇಳಿದಳು.

ಇದು ಹಾಡುಗಾರರಿಗಷ್ಟೇ ಆಗುವುದಲ್ಲ. ನಮ್ಮಮ್ಮ ಹೋದಾಗ ಬಂದವರೆಲ್ಲ ಅವಳ ಸಾರಿನಪುಡಿಯನ್ನೇ ಹೊಗಳಿದರು. 'ಅಂಥ ಪುಡಿ ಇನ್ನು ಯಾರು ಮಾಡ್ತಾರೆ ಬಿಡಿ' ಅಂದರು. ನಿಜ, ಅಂಥ ಪುಡಿ ನಾನು ಮತ್ತೆಲ್ಲೂ ಉಂಡಿಲ್ಲ. ಆದರೆ ಅಪ್ಪನ ಸಂಬಳ ಇಪ್ಪತ್ತನೇ ತಾರೀಖಿಗೇ ಮುಗಿದಾಗ, ರಾತ್ರಿ ಹೊಲಿಗೆ ಯಂತ್ರ ತುಳಿದು ನಮ್ಮ ಮೂವರ ಫೀಸು ಕಟ್ಟಿದ್ದು ಯಾರ ಬಾಯಿಗೂ ಬರಲಿಲ್ಲ. ಹನ್ನೊಂದನೆಯ ದಿನ ನನ್ನ ತಂಗಿ ಮೆಲ್ಲಗೆ ಕೇಳಿದಳು: 'ಅಕ್ಕಾ, ಅಮ್ಮ ಅಂದ್ರೆ ಅಷ್ಟೇನಾ?'

ಒಂದರಿಂದಲೇ ಹೆಸರಾಗುವುದು ಸಣ್ಣ ಭಾಗ್ಯವಲ್ಲ. ಎಷ್ಟೋ ಜನರಿಗೆ ಅದೂ ಇಲ್ಲ. ಆ ಒಂದನ್ನು ಚಿಕ್ಕದು ಮಾಡಬೇಕಾಗಿಯೂ ಇಲ್ಲ. ಆದರೆ ಹೊಸಿಲ ಮೇಲೆ ನಿಂತೇ ಮನೆ ನೋಡಿದೆವು ಅಂದರೆ ಹೇಗೆ? ಒಳಗೆ ಕರೆದೊಯ್ಯಲು ಯಾರಾದರೂ ಬೇಕು. ಹಾಡಿನ ವಿಷಯದಲ್ಲಿ ಆ ಕೆಲಸ ಕೇಳುವವರದು, ಮನೆಯಲ್ಲಿ ಮಕ್ಕಳದು.

ಈಗ ನಮ್ಮ ತರಗತಿಯಲ್ಲಿ ನಾಡಗೀತೆ ಕಲಿಸುವಾಗ ಕರಿಹಲಗೆಯ ಮೇಲೆ ಎರಡು ಹೆಸರು ಬರೆಯುತ್ತೇನೆ, ಬರೆದವರದು ಮತ್ತು ರಾಗ ಹಾಕಿದವರದು. ತಂಗಿಯ ಮಗಳಿಗೆ ಸಾರಿನಪುಡಿಯ ಅಳತೆ ಹೇಳಿಕೊಡುವಾಗ ಹೊಲಿಗೆ ಯಂತ್ರದ ಕತೆಯನ್ನೂ ಹೇಳುತ್ತೇನೆ.